‘ಹಾಲು ಸಾಲುತ್ತಿಲ್ಲ’ ಎಂಬ ಮಾತನ್ನು ಒಪ್ಪಿಕೊಳ್ಳುವ ಮೊದಲು

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನ ಖಾಸಗಿ ಬ್ಯಾಂಕೊಂದರಲ್ಲಿ ಕೆಲಸ. ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿದೆ. ಈಗ ಚಿತ್ರದುರ್ಗ ಜಿಲ್ಲೆಯ ತವರುಮನೆಯಲ್ಲಿ ಬಾಣಂತನ ನಡೆಯುತ್ತಿದೆ. ಮಗಳಿಗೆ 40 ದಿನ. ಹುಟ್ಟಿದಾಗ 2.9 ಕಿಲೋ ಇದ್ದಳು. 4ನೇ ದಿನ ಆಸ್ಪತ್ರೆಯಿಂದ ಬರುವಾಗ 2.72 ಕಿಲೋ, 30ನೇ ದಿನ 3.5 ಕಿಲೋ ತೂಗಿದಳು. ಸಂಜೆಯಾದರೆ ಗಂಟೆಗೊಮ್ಮೆ ಎದೆಗೆ ಹಾಕಿಕೊಂಡರೂ ಅಳು ನಿಲ್ಲುವುದಿಲ್ಲ. ಹಾಲು ನೀರಿನಂತಿದೆ, ಮಗುವಿಗೆ ಸಾಲುತ್ತಿಲ್ಲ ಎಂದು ಅಜ್ಜಿ ಹೇಳಿದ್ದರಿಂದ 31ನೇ ದಿನದಿಂದ ದಿನಕ್ಕೆರಡು ಸಲ 60 ಮಿಲಿ ಪುಡಿ ಹಾಲನ್ನು ಬಾಟಲಿಯಲ್ಲಿ ಕೊಡುತ್ತಿದ್ದೇವೆ. ನನ್ನ ಎಡ ಮೊಲೆತೊಟ್ಟು ಒಡೆದು ರಕ್ತ ಜಿನುಗುತ್ತದೆ; ಬಲ ತೊಟ್ಟು ಒಳಕ್ಕೆ ಸೇರಿಕೊಂಡಿದೆ. ನೀರು ಹೆಚ್ಚು ಕುಡಿಯಬಾರದೆಂದು ಮನೆಯವರು ತಡೆಯುತ್ತಾರೆ. ಮಗು ಅತ್ತರೆ ಹೆದರಿಕೆಯಾಗುತ್ತದೆ, ನನಗೂ ಸುಮ್ಮಸುಮ್ಮನೆ ಅಳು ಬರುತ್ತದೆ. ಇಷ್ಟು ಕಷ್ಟಪಟ್ಟು ಎದೆಹಾಲೇ ಏಕೆ ಕೊಡಬೇಕು, ಪುಡಿ ಹಾಲು ಸಾಲದೇ ಎಂದು ನನ್ನ ಪತಿ ಕೇಳುತ್ತಾರೆ. ಹೆರಿಗೆಗೆ 4 ವಾರ ಮೊದಲೇ ರಜೆ ಹಾಕಿದ್ದೆ. ಕೆಲಸಕ್ಕೆ ಮರಳಿದ ಮೇಲೂ ಹಾಲೂಡಿಸಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವೇ ಬರೆದಿರುವ ಮೂರು ತೂಕಗಳಲ್ಲಿ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರವಿದೆ. ಹುಟ್ಟಿದ ಮಗು ಮೊದಲ ಕೆಲವು ದಿನ ಸ್ವಲ್ಪ ತೂಕ ಕಳೆದುಕೊಳ್ಳುವುದು ಸಹಜ. ನಿಮ್ಮ ಮಗಳು ಕಳೆದುಕೊಂಡಿದ್ದು 180 ಗ್ರಾಂ, ಅಂದರೆ ಹುಟ್ಟುತೂಕದ ಶೇ 6ರಷ್ಟು. ಇದು ಶೇ 10ನ್ನು ದಾಟಿದಾಗ ಮಾತ್ರ ನಾವು ಆತಂಕಪಡುತ್ತೇವೆ. ಅಲ್ಲಿಂದ 30ನೇ ದಿನದವರೆಗಿನ 26 ದಿನಗಳಲ್ಲಿ ಅವಳು 780 ಗ್ರಾಂ ಹೆಚ್ಚಿದ್ದಾಳೆ. ದಿನಕ್ಕೆ 30 ಗ್ರಾಂ ಆಯಿತು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಬೆಳವಣಿಗೆ ಚೆನ್ನಾಗಿದೆ ಎನ್ನುತ್ತೇವೆ. ಆ 26 ದಿನವೂ ಅವಳ ಹೊಟ್ಟೆಗೆ ಹೋಗಿದ್ದು ನಿಮ್ಮ ಎದೆಹಾಲೊಂದೇ; ಪುಡಿ ಹಾಲು ಶುರುವಾಗಿದ್ದು ತೂಕ ನೋಡಿದ ಮರುದಿನ. ಹೀಗಿರುವಾಗ ನಿಮಗೆ ಹಾಲು ಸಾಲುತ್ತಿರಲಿಲ್ಲ ಎನ್ನಲು ಆಧಾರವೇ ಇಲ್ಲ. ಈ ಲೆಕ್ಕವನ್ನು ಒಂದು ಕಾಗದದ ಮೇಲೆ ಬರೆದು ಮನೆಯ ಎಲ್ಲರಿಗೂ ತೋರಿಸಿ ಎಂದು ಕೇಳಿಕೊಳ್ಳುತ್ತೇನೆ.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಎದೆ ಎಷ್ಟು ಬಿಗಿದಿದೆ, ಹಿಂಡಿದರೆ ಎಷ್ಟು ಬರುತ್ತದೆ, ಮಗು ಎಷ್ಟು ಸಲ ಅಳುತ್ತದೆ ಎಂಬುದನ್ನು ನೋಡಿ ಪ್ರಯೋಜನವಿಲ್ಲ. ತಿಂಗಳು ತುಂಬುವ ಹೊತ್ತಿಗೆ ಎದೆ ಮೊದಲಿನ ಬಿಗಿತ ಕಳೆದುಕೊಂಡು ಮೆತ್ತಗಾಗುತ್ತದೆ. ಮಗುವಿಗೆ ಬೇಕಾದಷ್ಟನ್ನೇ ತಯಾರಿಸಲು ದೇಹ ಕಲಿತಿದೆ ಎಂಬುದು ಅದರ ಅರ್ಥವೇ ಹೊರತು ಹಾಲು ಬತ್ತಿತು ಎಂದಲ್ಲ. ಕೈಯಲ್ಲಿ ಹಿಂಡಿದಾಗ ಬರುವ ಹಾಲಿಗೂ ಮಗು ಚೀಪಿ ಕುಡಿಯುವ ಹಾಲಿಗೂ ಹೋಲಿಕೆಯಿಲ್ಲ. ನೋಡಬೇಕಾದ್ದು ತೂಕ ಮತ್ತು ಮೂತ್ರ. ಬೇರೇನನ್ನೂ ಕುಡಿಸದೆ ಎದೆಹಾಲೊಂದನ್ನೇ ಕೊಡುವಾಗ 24 ಗಂಟೆಯಲ್ಲಿ 6 ಸಲ ಅಥವಾ ಅದಕ್ಕಿಂತ ಹೆಚ್ಚು, ತಿಳಿ ಬಣ್ಣದ ಮೂತ್ರವಾಗುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆ. ಮಲದ ಲೆಕ್ಕದಿಂದ ಮಾತ್ರ ಗಾಬರಿಯಾಗಬೇಡಿ. ಎದೆಹಾಲು ಕುಡಿಯುವ ಮಕ್ಕಳು ಮೊದಲ ವಾರಗಳಲ್ಲಿ ದಿನಕ್ಕೆ ಏಳೆಂಟು ಸಲ ಹಳದಿಯಾಗಿ, ಕಾಳುಕಾಳಾಗಿ ಹೋಗುವುದುಂಟು. ಆರು ವಾರ ದಾಟಿದ ಮೇಲೆ ಕೆಲವು ಮಕ್ಕಳು ಮೂರ್ನಾಲ್ಕು ದಿನಕ್ಕೊಮ್ಮೆ ಹೋಗುವುದೂ ಉಂಟು. ಮಗು ಲವಲವಿಕೆಯಿಂದಿದ್ದು ಮಲ ಮೆತ್ತಗಿದ್ದರೆ ಎರಡೂ ಸರಿಯೇ.

ಹಾಗಾದರೆ ಸಂಜೆಯ ಆ ಅಳು ಏಕೆ? ಎಳೆಯ ಮಕ್ಕಳ ಅಳು ಎರಡನೇ ವಾರದ ಸುಮಾರಿಗೆ ಹೆಚ್ಚತೊಡಗಿ, ಆರನೇ ವಾರದ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಂಜೆ ಮತ್ತು ರಾತ್ರಿಯ ಮೊದಲ ಜಾವದಲ್ಲೇ. ಯಾವ ಹಾಲು ಕುಡಿಯುವ ಮಗುವಾದರೂ ಹೀಗೆಯೇ. ನಿಮ್ಮ ಮಗಳು ಈಗ ಸರಿಯಾಗಿ ಆ ತುದಿಯಲ್ಲಿದ್ದಾಳೆ. ಜೊತೆಗೆ ಎರಡು ಮೂರು ವಾರ, ಆರು ವಾರ, ಮೂರು ತಿಂಗಳ ಸುಮಾರಿಗೆ ಮಕ್ಕಳು ಒಂದೆರಡು ದಿನ ಬಿಡದೆ ಎದೆಗೆ ಬೀಳುತ್ತಾರೆ. ಮುಂದಿನ ವಾರಗಳಿಗೆ ಬೇಕಾಗುವ ಹೆಚ್ಚಿನ ಹಾಲನ್ನು ತಾಯಿಯ ದೇಹದಿಂದ ಕೇಳಿ ಪಡೆಯುವ ಅವುಗಳ ಕ್ರಮ ಇದು. ಈ ದಿನಗಳಲ್ಲಿ ಎದೆಗೆ ಹಾಕಿಕೊಂಡರೆ ಹಾಲು ಹೆಚ್ಚುತ್ತದೆ. ಬಾಟಲಿ ಹಿಡಿಸಿದರೆ ಆ ಕೇಳಿಕೆ ದೇಹಕ್ಕೆ ತಲುಪುವುದೇ ಇಲ್ಲ.

ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಎದೆಹಾಲು ಅರ್ಧಕ್ಕೇ ನಿಂತುಹೋಗುವ ಎಷ್ಟೋ ಮನೆಗಳಲ್ಲಿ ತೊಂದರೆ ಶುರುವಾಗುವುದು ಇಲ್ಲಿಂದಲೇ. ಮಗು ಚೀಪಿದಾಗ ತಾಯಿಯ ಮಿದುಳಿನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೊರಟು ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ತಯಾರಾದ ಹಾಲನ್ನು ಹೊರಕ್ಕೆ ತಳ್ಳುತ್ತದೆ. ಎದೆಯಲ್ಲಿ ಹಾಲು ತುಂಬಿಕೊಂಡೇ ಉಳಿದರೆ ಆ ಹಾಲೇ ಮುಂದಿನ ಉತ್ಪತ್ತಿಯನ್ನು ತಡೆಯುತ್ತದೆ. ಸೇದಿದಷ್ಟೂ ಊರುವ ಬಾವಿಯ ಹಾಗೆ, ಖಾಲಿಯಾದಷ್ಟೂ ಬೇಗ ತುಂಬುವುದು ಇದರ ಗುಣ. ಸಂಜೆ 60 ಮಿಲಿ ಪುಡಿ ಹಾಲು ಕುಡಿದ ಮಗು ಮೂರು ಗಂಟೆ ಮಲಗುತ್ತದೆ. ಆ ಹೊತ್ತಿನಲ್ಲಿ ಆಗಬೇಕಿದ್ದ ಒಂದೆರಡು ಹಾಲೂಡಿಕೆಗಳು ತಪ್ಪುತ್ತವೆ. ನಾಲ್ಕಾರು ದಿನಗಳಲ್ಲಿ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಆಗ ಮನೆಯವರು, ನಾವು ಹೇಳಿದ್ದು ಸರಿಯಾಯಿತಲ್ಲ ಎಂದುಕೊಂಡು ಇನ್ನೊಂದು ಬಾಟಲಿ ಸೇರಿಸುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಮಗುವಿನ ಅಳು ಕೇಳಲಾರದ ಅಕ್ಕರೆಯೇ ಇದೆ. ಆದರೆ ದೇಹಕ್ಕೆ ಗೊತ್ತಾಗುವುದು ಮಗು ಚೀಪಿದ ಲೆಕ್ಕವೊಂದೇ.

ಹಾಲು ನೀರಿನಂತಿದೆ ಎಂಬ ನಿಮ್ಮ ಅಜ್ಜಿಯವರ ಮಾತಿಗೆ ಬರುತ್ತೇನೆ. ಅವರು ಕಂಡದ್ದು ನಿಜ. ಅದಕ್ಕೆ ಕೊಟ್ಟ ಅರ್ಥ ಮಾತ್ರ ಸರಿಯಲ್ಲ. ಮನುಷ್ಯರ ಹಾಲು ಹಸುವಿನ ಹಾಲಿಗಿಂತ ತೆಳು, ಕೆಲವೊಮ್ಮೆ ನಸು ನೀಲಿ. ಕರು ಕೆಲವೇ ತಿಂಗಳಲ್ಲಿ ದೊಡ್ಡದಾಗಬೇಕಾದ್ದರಿಂದ ಹಸುವಿನ ಹಾಲಿನಲ್ಲಿ ಪ್ರೋಟೀನು ಸುಮಾರು ಮೂರು ಪಟ್ಟು ಹೆಚ್ಚು, ಲವಣಗಳೂ ಹೆಚ್ಚು. ಮನುಷ್ಯ ಶಿಶುವಿನ ಎಳೆಯ ಮೂತ್ರಪಿಂಡಗಳಿಗೆ ಅದು ಹೊರೆ. ನಿಧಾನವಾಗಿ ಬೆಳೆಯುವ ನಮ್ಮ ಮಕ್ಕಳಿಗೆ ಈ ತೆಳು ಹಾಲೇ ತಕ್ಕದ್ದು. ಒಂದೇ ಸಲದ ಹಾಲೂಡಿಕೆಯಲ್ಲೂ ಮೊದಲು ಬರುವುದು ತೆಳು ಹಾಲು. ಎದೆ ಖಾಲಿಯಾಗುತ್ತ ಬಂದಂತೆ ಕೊಬ್ಬಿನ ಅಂಶ ಏರುತ್ತದೆ. ಆದ್ದರಿಂದ ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಪಕ್ಕ ಬದಲಿಸಬೇಡಿ. ಒಂದು ಪಕ್ಕದಲ್ಲಿ ಕುಡಿದು ಮಗುವೇ ಬಾಯಿ ಬಿಡಲಿ, ತೇಗಿಸಿ, ಆಮೇಲೆ ಇನ್ನೊಂದು ಪಕ್ಕ ಕೊಡಿ. ಕುಡಿದರೆ ಕುಡಿಯಲಿ, ಬೇಡವೆಂದರೆ ಮುಂದಿನ ಸಲ ಆ ಪಕ್ಕದಿಂದಲೇ ಆರಂಭಿಸಿ.

ಈಗ ನಿಮ್ಮ ನೋವಿನ ವಿಷಯ. ಪತ್ರದಲ್ಲಿ ನನಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ಇದೇ. ಬಾಣಂತಿಯಾದ ಮೇಲೆ ಇಷ್ಟು ನೋವು ಇದ್ದೇ ಇರುತ್ತದೆ, ಸಹಿಸಿಕೊಳ್ಳಬೇಕು ಎಂದು ನಿಮಗೆ ಯಾರಾದರೂ ಹೇಳಿದ್ದರೆ ದಯವಿಟ್ಟು ಒಪ್ಪಬೇಡಿ. ಮೊದಲ ವಾರದಲ್ಲಿ, ಮಗು ಬಾಯಿ ಹಾಕಿದ ಕೆಲವು ಕ್ಷಣ ಚುರುಕ್ ಎನ್ನುವುದು ಬೇರೆ. 40ನೇ ದಿನದಲ್ಲಿ ತೊಟ್ಟು ಒಡೆದು ರಕ್ತ ಬರುವುದು ಬೇರೆ. ಇದಕ್ಕೆ ಬಹುಪಾಲು ಕಾರಣ ಒಂದೇ: ಮಗು ಎದೆಯನ್ನು ಕಚ್ಚಿಕೊಳ್ಳದೆ ತೊಟ್ಟನ್ನಷ್ಟೇ ಕಚ್ಚಿಕೊಂಡಿದೆ. ಹಾಲು ಕುಡಿದು ಬಿಟ್ಟ ಕೂಡಲೇ ನಿಮ್ಮ ಎಡ ತೊಟ್ಟನ್ನು ನೋಡಿಕೊಳ್ಳಿ. ದುಂಡಗಿರುವ ಬದಲು ಒಂದು ಕಡೆ ಚಪ್ಪಟೆಯಾಗಿ, ಓರೆಯಾಗಿ ಒತ್ತಿಹೋದಂತೆ, ತುದಿ ಬಿಳಿಚಿಕೊಂಡಂತೆ ಕಂಡರೆ ಮಗುವಿನ ನಾಲಿಗೆಗೂ ಗಟ್ಟಿ ಅಂಗುಳಕ್ಕೂ ನಡುವೆ ಅದು ಸಿಕ್ಕಿ ನಜ್ಜುತ್ತಿದೆ ಎಂದು ತಿಳಿಯಿರಿ. ಹೀಗೆ ಕಚ್ಚಿದಾಗ ತಾಯಿಗೆ ಗಾಯ, ಮಗುವಿಗೆ ಹಾಲೂ ಸರಿಯಾಗಿ ಇಳಿಯುವುದಿಲ್ಲ. ಅರ್ಧ ಗಂಟೆ ಚೀಪಿ ದಣಿದು ಮಲಗಿ, ಮತ್ತೆ ಹಸಿದು ಏಳುತ್ತದೆ. ಗಂಟೆಗೊಮ್ಮೆ ಎದೆ ಕೇಳುವುದಕ್ಕೆ ವಯಸ್ಸಿನ ಜೊತೆ ಇದೂ ಒಂದು ಕಾರಣವಿರಬಹುದು.

ನಮ್ಮ ಮನೆಗಳಲ್ಲಿ ಬಾಣಂತಿ ನೆಲದ ಮೇಲೆ, ಚಾಪೆಯಲ್ಲೋ ತೆಳು ಹಾಸಿಗೆಯಲ್ಲೋ ಕುಳಿತು, ಕೈಕಾಲು ಬಿಗಿಯಾಗಿ ಬಟ್ಟೆ ಸುತ್ತಿದ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಾನೇ ಬಗ್ಗಿ ಎದೆಯನ್ನು ಮಗುವಿನ ಬಾಯಿಗೆ ಇಡುತ್ತಾಳೆ. ಮಗು ಹಾಲು ಕುಡಿಯಲು ಕತ್ತು ಹೊರಳಿಸಬೇಕಾಗುತ್ತದೆ. ನೀವೇ ಕತ್ತನ್ನು ಪಕ್ಕಕ್ಕೆ ತಿರುಗಿಸಿ ಒಂದು ಗುಟುಕು ನೀರು ನುಂಗಿ ನೋಡಿ, ಅದೆಷ್ಟು ಕಷ್ಟವೆಂದು ತಿಳಿಯುತ್ತದೆ. ಮೊದಲು ಸುತ್ತಿದ ಬಟ್ಟೆ ಬಿಚ್ಚಿ. ಗೋಡೆಗೆ ಒರಗಿ ನೇರವಾಗಿ ಕುಳಿತು, ತೊಡೆಯ ಮೇಲೆ ಎರಡು ದಿಂಬು ಇಟ್ಟು ಮಗುವನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ; ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ತೋರುಬೆರಳು ಮತ್ತು ನಡುಬೆರಳಿನ ನಡುವೆ ಕತ್ತರಿಯಂತೆ ಎದೆಯನ್ನು ಹಿಡಿಯುವ ರೂಢಿ ಇದ್ದರೆ ಬಿಡಿ, ಆ ಬೆರಳುಗಳೇ ಮಗುವಿನ ಬಾಯಿಗೆ ಅಡ್ಡವಾಗುತ್ತವೆ. ಹೆಬ್ಬೆರಳು ಮೇಲೆ, ಉಳಿದ ನಾಲ್ಕು ಬೆರಳು ಕೆಳಗೆ, ತೊಟ್ಟಿನಿಂದ ದೂರಕ್ಕೆ ಇರಲಿ. ತೊಟ್ಟಿನಿಂದ ಮಗುವಿನ ಮೇಲ್ತುಟಿಯನ್ನು ಸವರಿ, ಕಾಯಿರಿ. ಆಕಳಿಸುವಾಗ ತೆರೆಯುವಷ್ಟು ಅಗಲಕ್ಕೆ ಬಾಯಿ ತೆರೆದ ಕ್ಷಣದಲ್ಲಿ ಮಗುವನ್ನು ಎದೆಗೆ ತಂದುಕೊಳ್ಳಿ. ಎದೆಯನ್ನು ಮಗುವಿನತ್ತ ದೂಡಬೇಡಿ. ಸರಿಯಾಗಿ ಕಚ್ಚಿಕೊಂಡ ಮಗುವಿನ ಗದ್ದ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ, ಕೆನ್ನೆ ಒಳಕ್ಕೆ ಕುಳಿ ಬೀಳುವುದಿಲ್ಲ. ಮೊದಲು ಬೇಗಬೇಗ ಚೀಪಿ, ಆಮೇಲೆ ನಿಧಾನವಾಗಿ ನುಂಗುವ ಶಬ್ದ ಕೇಳಬರುತ್ತದೆ. ನೋವಾಗುತ್ತಲೇ ಇದ್ದರೆ ಎಳೆದು ಬಿಡಿಸಬೇಡಿ. ಶುಚಿಯಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ ಬಿಡಿಸಿ, ಮತ್ತೆ ಪ್ರಯತ್ನಿಸಿ. ಹೊಲಿಗೆಯ ಮೇಲೆ ಭಾರ ಬೀಳುವುದು ಕಷ್ಟವಾದರೆ ಮಗುವಿನ ಮೈಯನ್ನು ಕಂಕುಳ ಕೆಳಗಿನಿಂದ ಹಿಂದಕ್ಕೆ ಚಾಚಿ ಹಿಡಿಯಿರಿ, ಅಥವಾ ಇಬ್ಬರೂ ಪಕ್ಕಕ್ಕೆ, ಎದುರುಬದುರಾಗಿ ಮಲಗಿ ಊಡಿಸಿ.

ಒಡೆದ ತೊಟ್ಟಿಗೆ ಸೋಪು ಮುಟ್ಟಿಸಬೇಡಿ. ಪ್ರತಿ ಸಲ ಊಡಿಸಿದ ಮೇಲೆ ನಿಮ್ಮದೇ ಹಾಲಿನ ನಾಲ್ಕು ಹನಿ ಸವರಿ ಗಾಳಿಗೆ ಒಣಗಲು ಬಿಡಿ. ಬೇಕಾದರೆ ಶುದ್ಧ ಲ್ಯಾನೊಲಿನ್ ಮುಲಾಮು ಹಚ್ಚಬಹುದು, ಅದನ್ನು ಒರೆಸುವ ಅಗತ್ಯವಿಲ್ಲ. ನೋವು ತಡೆಯಲಾಗದಿದ್ದರೆ ಒಂದೆರಡು ದಿನ ಆ ಪಕ್ಕದ ಹಾಲನ್ನು ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕುಡಿಸಿ. ಕಚ್ಚಿಕೊಳ್ಳುವ ಕ್ರಮ ಸರಿಹೋದರೆ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ಸರಿಪಡಿಸಿದ ಮೇಲೂ ಉರಿ ಹೋಗದಿದ್ದರೆ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆಗಳಿದ್ದರೆ ಅದು ಶಿಲೀಂಧ್ರದ ಸೋಂಕು; ತಾಯಿ, ಮಗು ಇಬ್ಬರಿಗೂ ಒಟ್ಟಿಗೆ ಔಷಧ ಬೇಕು. ಮಗುವಿನ ನಾಲಿಗೆ ಕೆಳಗೆ ಅಂಟಿಕೊಂಡಿದೆಯೇ ಎಂದೂ ವೈದ್ಯರಿಗೆ ತೋರಿಸಿ.

ಒಳಕ್ಕೆ ಸೇರಿದ ಬಲ ತೊಟ್ಟಿಗೆ ಒಂದು ಸರಳ ಉಪಾಯವಿದೆ. ಅದನ್ನು ಪ್ರಪಂಚದ ವೈದ್ಯಕೀಯ ಪತ್ರಿಕೆಗೆ ತಲುಪಿಸಿದವರು ನಿಮ್ಮ ನೆರೆಯ ದಾವಣಗೆರೆಯ ವೈದ್ಯರೇ. ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಈ ಸಿರಿಂಜ್ ವಿಧಾನವನ್ನು ಈಗ ಎಲ್ಲೆಡೆ ಕಲಿಸುತ್ತಾರೆ. ಒಮ್ಮೆ ಬಳಸಿ ಎಸೆಯುವಂಥ ಹೊಸ ಸಿರಿಂಜನ್ನು, ತೊಟ್ಟಿನ ಅಳತೆ ನೋಡಿ 10 ಅಥವಾ 20 ಮಿಲಿಯದನ್ನು ತೆಗೆದುಕೊಂಡು, ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ಆಮೇಲೆ ಒಳಗಿನ ದಂಡವನ್ನು ಹೊರಗೆಳೆದು, ಕತ್ತರಿಸಿದ ಕಡೆಯಿಂದ ತೂರಿಸಬೇಕು. ಹೀಗೆ ಮಾಡಿದಾಗ ನಯವಾದ ಅಂಚು ಎದೆಯ ಕಡೆಗೆ ಬರುತ್ತದೆ. ಆ ಅಂಚನ್ನು ತೊಟ್ಟಿನ ಸುತ್ತ ಇರಿಸಿ, ನೋವಾಗದಷ್ಟು ಮೆಲ್ಲಗೆ ದಂಡವನ್ನು ಎಳೆದು, ಅರ್ಧದಿಂದ ಒಂದು ನಿಮಿಷ ಹಿಡಿದು ಬಿಡಬೇಕು. ಎಷ್ಟು ಎಳೆಯಬೇಕೆಂಬ ಹಿಡಿತ ತಾಯಿಯ ಕೈಯಲ್ಲೇ ಇರಬೇಕು, ಬೇರೆಯವರು ಎಳೆಯಬಾರದು. ಹಾಲೂಡಿಸುವ ಮುನ್ನ ಹೀಗೆ ಕೆಲವು ಸಲ ಮಾಡಿ, ತೊಟ್ಟು ಹೊರಬಂದ ಕೂಡಲೇ ಮಗುವನ್ನು ಹಾಕಿಕೊಳ್ಳಿ. ಮೊದಲ ಸಲ ನರ್ಸ್ ಅಥವಾ ವೈದ್ಯರ ಎದುರು ಕಲಿತರೆ ಒಳ್ಳೆಯದು. ಆ ಪಕ್ಕದ ಗಾಯ ಇದ್ದರೆ ಮಾಯುವವರೆಗೆ ಬೇಡ.

ಎದೆಯಲ್ಲಿ ಒಂದು ಕಡೆ ಗಟ್ಟಿಯಾಗಿ, ಕೆಂಪಾಗಿ, ಚಳಿ ಜ್ವರ ಬಂದರೆ ಅದು ಎದೆಬಾವು. ಆಗಲೂ ಹಾಲೂಡಿಸುವುದನ್ನು ನಿಲ್ಲಿಸಬಾರದು; ನಿಲ್ಲಿಸಿದರೆ ಕೀವುಗಟ್ಟುವ ಅಪಾಯ ಹೆಚ್ಚುತ್ತದೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಬೇಡವೇ ಬೇಡ, ಅದರಿಂದ ಊತ ಹೆಚ್ಚುತ್ತದೆ. ಊಡಿಸಿದ ಮೇಲೆ ತಣ್ಣನೆಯ ಬಟ್ಟೆ ಇಡಿ. ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಆ್ಯಂಟಿಬಯಾಟಿಕ್‌ಗಳಿವೆ.

ಪುಡಿ ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ. ನೀವು ಕೊಡುತ್ತಿರುವುದು ದಿನಕ್ಕೆ 120 ಮಿಲಿ. ಈ ವಯಸ್ಸಿನ ಮಗು ಕುಡಿಯುವ ಒಟ್ಟು ಹಾಲಿನಲ್ಲಿ ಅದು ಸಣ್ಣ ಪಾಲು, ಹಿಂದಕ್ಕೆ ಬರುವುದು ಕಷ್ಟವಲ್ಲ. ಮೊದಲು ಬಾಟಲಿಯನ್ನು ತೆಗೆದಿಟ್ಟು ಒಳಲೆಗೆ ಬದಲಿಸಿ. ರಬ್ಬರಿನ ತೊಟ್ಟಿನಿಂದ ಕುಡಿಯುವ ಕ್ರಮವೇ ಬೇರೆ. ಅದಕ್ಕೆ ಒಗ್ಗಿದ ಮಗು ಎದೆಯಲ್ಲಿ ಬಾಯಿ ಅಗಲಿಸುವುದನ್ನು ಮರೆಯುತ್ತದೆ. ಒಳಲೆಯನ್ನು ಕುದಿಯುವ ನೀರಿನಲ್ಲಿ ಕುದಿಸಿ ಶುಚಿ ಮಾಡುವುದೂ ಸುಲಭ. ಎರಡೂ ಪಕ್ಕ ಊಡಿಸಿದ ಮೇಲಷ್ಟೇ ಪುಡಿ ಹಾಲು ಕೊಡಿ, ಎರಡು ದಿನಕ್ಕೊಮ್ಮೆ ಪ್ರತಿ ಸಲದ ಅಳತೆಯಲ್ಲಿ 15 ಮಿಲಿ ಇಳಿಸುತ್ತ ಬನ್ನಿ. ಈ ದಿನಗಳಲ್ಲಿ ಹಗಲು ರಾತ್ರಿ ಸೇರಿ ಹತ್ತು ಹನ್ನೆರಡು ಸಲವಾದರೂ ಎದೆಗೆ ಹಾಕಿಕೊಳ್ಳಿ. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ರಾತ್ರಿಯ ಹಾಲೂಡಿಕೆ ತಪ್ಪಿಸಬೇಡಿ. ಇಳಿಸಲು ಆರಂಭಿಸುವ ದಿನ ಮತ್ತು ಆಮೇಲೆ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ಬಟ್ಟೆಯಿಲ್ಲದೆ ತೂಗಿಸಿ. ವಾರಕ್ಕೆ 140 ಗ್ರಾಮಿಗಿಂತ ಕಡಿಮೆ ಏರಿದರೆ, ಮೂತ್ರ 6 ಸಲಕ್ಕಿಂತ ಕಡಿಮೆಯಾದರೆ, ಅಥವಾ ಮಗು ಹಾಲಿಗೂ ಏಳದೆ ಮಂಕಾಗಿ ಮಲಗಿದರೆ ಇಳಿಸುವುದನ್ನು ನಿಲ್ಲಿಸಿ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಮಂಕು ಕವಿದ ಮಗುವನ್ನು ಅಂದೇ ತೋರಿಸಬೇಕು.

ನಿಜವಾಗಿಯೂ ಹಾಲು ಕಡಿಮೆಯಾಗುವ ತಾಯಂದಿರು ಇದ್ದಾರೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದವರು, ಮಾಸಿನ ಚೂರು ಗರ್ಭಕೋಶದಲ್ಲಿ ಉಳಿದವರು, ಚಿಕಿತ್ಸೆಯಾಗದ ಥೈರಾಯ್ಡ್ ತೊಂದರೆಯಿರುವವರು, ಹಿಂದೆ ಸ್ತನದ ಶಸ್ತ್ರಚಿಕಿತ್ಸೆಯಾದವರು, ಹಾಲಿನ ಗ್ರಂಥಿಗಳೇ ಸಾಕಷ್ಟು ಬೆಳೆಯದವರು. ಅಂಥ ಮನೆಗಳಲ್ಲಿ ಪುಡಿ ಹಾಲು ಮಗುವಿನ ಜೀವ ಕಾಯುತ್ತದೆ. ಅದನ್ನು ಕೊಡುವ ತಾಯಿಯ ಮೇಲೆ ತಪ್ಪು ಹೊರಿಸುವವರನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಗಳ ತೂಕ ನೋಡಿದರೆ ನೀವು ಈ ಗುಂಪಿಗೆ ಸೇರಿದವರಲ್ಲ.

ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಮಗುವಿಗೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವ ಶರೀರಕ್ಕೆ ನೀರು ತಡೆದರೆ ಆಗುವುದು ಮಲಬದ್ಧತೆ, ಉರಿಮೂತ್ರ, ತಲೆನೋವು, ಸುಸ್ತು. ಬಾಯಾರಿದಾಗಲೆಲ್ಲ ಕುಡಿಯಿರಿ, ಮನೆಯವರ ಸಮಾಧಾನಕ್ಕೆ ಕುದಿಸಿ ಆರಿಸಿದ ನೀರೇ ಆಗಲಿ. ಹಾಗೆಂದು ಬಲವಂತವಾಗಿ ಚೊಂಬುಗಟ್ಟಲೆ ಕುಡಿದರೆ ಹಾಲು ಹೆಚ್ಚುವುದೂ ಇಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಹೆಚ್ಚುವರಿ ಆಹಾರ ಬೇಕೆಂದು ನಮ್ಮ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುತ್ತದೆ. ಎಂದಿನ ಊಟದ ಮೇಲೆ ಇನ್ನೊಂದು ಪೂರ್ತಿ ಊಟ ಎಂದಿಟ್ಟುಕೊಳ್ಳಿ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಳವಿ ಪಾಯಸ, ಅಂಟಿನುಂಡೆ ಎಲ್ಲವೂ ಒಳ್ಳೆಯವೇ, ಮನಸ್ಸಿಗೂ ಹಿತ. ಇವುಗಳಿಂದಲೇ ಹಾಲು ಉಕ್ಕುತ್ತದೆ ಎಂದು ಹೇಳಲಾರೆ, ಆದರೆ ಶಕ್ತಿ, ಸುಣ್ಣ, ಕಬ್ಬಿಣ ಕೊಡುತ್ತವೆ. ಬೇಳೆ, ಕಾಳು, ಮೊಟ್ಟೆ, ಹಣ್ಣು, ಮೊಸರನ್ನು ಪಥ್ಯದ ಹೆಸರಿನಲ್ಲಿ ಬಿಡಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯಾದ ಮೇಲೂ 180 ದಿನ ಮುಂದುವರಿಸಬೇಕು. ಮಗುವಿಗಾದರೋ ಆರು ತಿಂಗಳವರೆಗೆ ಬೇಸಿಗೆಯಲ್ಲೂ ನೀರು ಬೇಡ; ಜೇನು ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರಬಲ್ಲದು. ವೈದ್ಯರು ಹೇಳಿದ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಇದಕ್ಕೆ ಹೊರತು.

ನಿಮ್ಮ ಕಣ್ಣೀರಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಾನು ಅದನ್ನು ಸಣ್ಣದೆಂದು ಎಣಿಸುವುದಿಲ್ಲ. ಹೆರಿಗೆಯಾದ ಮೊದಲ ಎರಡು ವಾರ ಮನಸ್ಸು ಏರಿಳಿಯುವುದು ಬಹಳ ಮಂದಿಗೆ ಆಗುತ್ತದೆ ಮತ್ತು ತಾನಾಗಿ ಹೋಗುತ್ತದೆ. 40ನೇ ದಿನದಲ್ಲೂ ಅಳು, ಹೆದರಿಕೆ ಉಳಿದಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆಯೋ ಎಂದು ಪರೀಕ್ಷಿಸಬೇಕು. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಲಿ. ಇದು ಕಾಯಿಲೆ, ದುರ್ಬಲ ಮನಸ್ಸಿನ ಗುರುತಲ್ಲ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ಘಟಕ 2009ರಿಂದ ಇದೆ. ಊರಿನಿಂದಲೇ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮಗು ಮಲಗಿದರೂ ನಿದ್ದೆ ಬಾರದಿರುವುದು, ಯಾರೋ ಮಾತನಾಡಿದಂತೆ ಕೇಳಿಸುವುದು, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬರುವುದು, ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದ ಆ ಸ್ಥಿತಿಗೆ ಈಗ ಒಳ್ಳೆಯ ಚಿಕಿತ್ಸೆಯಿದೆ. ಇನ್ನು ದಿನನಿತ್ಯದ ಮಟ್ಟಿಗೆ, ಊಡಿಸುವ ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಮನೆಯವರದಾಗಲಿ. ತೇಗಿಸುವುದು, ಬಟ್ಟೆ ಬದಲಿಸುವುದು, ಸಂಜೆಯ ಅಳುವಿನ ಹೊತ್ತಿನಲ್ಲಿ ಎತ್ತಿಕೊಂಡು ಅಡ್ಡಾಡುವುದು ನಿಮ್ಮ ಪತಿ, ತಾಯಿ, ಅಜ್ಜಿ ಯಾರಾದರೂ ಮಾಡಬಹುದು. ಎರಡು ಗಂಟೆ ಕದಲದೆ ಮಲಗಿದ ತಾಯಿಗೆ ಆಗುವ ಉಪಕಾರ ಯಾವ ಲೇಹ್ಯದಿಂದಲೂ ಆಗದು.

ಇಷ್ಟು ಕಷ್ಟ ಏಕೆ ಎಂಬ ನಿಮ್ಮ ಪತಿಯವರ ಪ್ರಶ್ನೆ ನಿಮ್ಮ ಮೇಲಿನ ಕಾಳಜಿಯಿಂದ ಬಂದದ್ದು, ಅದಕ್ಕೆ ನೇರ ಉತ್ತರ ಸಲ್ಲಬೇಕು. ನೀವು ಉಸಿರಾಡುವ ಗಾಳಿಯಲ್ಲಿ, ನಿಮ್ಮ ಮನೆಯಲ್ಲಿ ಇರುವ ರೋಗಾಣುಗಳ ವಿರುದ್ಧ ನಿಮ್ಮ ದೇಹ ತಯಾರಿಸುವ ಪ್ರತಿಕಾಯಗಳು ಹಾಲಿನ ಮೂಲಕ ಮಗಳ ಕರುಳು, ಗಂಟಲುಗಳಿಗೆ ತಲುಪುತ್ತವೆ. ಯಾವ ಕಾರ್ಖಾನೆಯೂ ನಿಮ್ಮ ಮನೆಗೆಂದೇ ಇದನ್ನು ತಯಾರಿಸಲಾರದು. ಎದೆಹಾಲು ಕುಡಿಯುವ ಮಕ್ಕಳಲ್ಲಿ ಭೇದಿ, ನ್ಯುಮೋನಿಯಾ, ಕಿವಿ ಸೋಂಕು ಕಡಿಮೆ. ಎಲ್ಲ ತಾಯಂದಿರೂ ಶಿಫಾರಸಿನಂತೆ ಹಾಲೂಡಿಸಿದರೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 8.2 ಲಕ್ಷ ಮಕ್ಕಳ ಮತ್ತು ಸ್ತನ ಕ್ಯಾನ್ಸರಿನಿಂದ ಸಾಯುವ ಸುಮಾರು 20 ಸಾವಿರ ತಾಯಂದಿರ ಜೀವ ಉಳಿಯುತ್ತದೆ ಎಂದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅಂದಾಜಿಸಿತು. ಈ ಎರಡನೆಯ ಸಂಖ್ಯೆಯನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಒಟ್ಟು 12 ತಿಂಗಳ ಹಾಲೂಡಿಕೆಗೆ ಸ್ತನ ಕ್ಯಾನ್ಸರಿನ ಸಂಭವ ಶೇ 4ಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಅಂಡಾಶಯದ ಕ್ಯಾನ್ಸರ್ ಮತ್ತು ಮುಂದೆ ಬರುವ ಮಧುಮೇಹದ ಸಂಭವವೂ ತಗ್ಗುತ್ತದೆ. ಎಂದರೆ ಇದು ಮಗುವಿಗಾಗಿ ತಾಯಿ ಮಾಡುವ ತ್ಯಾಗ ಮಾತ್ರವಲ್ಲ, ಅವಳ ಶರೀರಕ್ಕೂ ಸಲ್ಲುವ ಲಾಭ. ಅಳತೆಗೆ ಸಿಗದ ಸುಖವೂ ಇದೆ. ಮೂರು ತಿಂಗಳ ಹೊತ್ತಿಗೆ ಮಗು ಹತ್ತು ಹದಿನೈದು ನಿಮಿಷಕ್ಕೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಗಾಯವೆಲ್ಲ ಮಾಯ್ದಿರುತ್ತದೆ, ಕುಡಿಯುತ್ತ ಕುಡಿಯುತ್ತ ಬಾಯಿ ಬಿಟ್ಟು ನಿಮ್ಮ ಮುಖ ನೋಡಿ ನಗುತ್ತದೆ. ಹಾಲೂಡಿಕೆಯ ಅತಿ ಕಷ್ಟದ ದಿನಗಳು ಮೊದಲ ಆರು ವಾರ. ನೀವು ಅದರ ಕೊನೆಯಲ್ಲಿದ್ದೀರಿ. ಮುಂದಿನ ವಾರ ಆರು ವಾರದ ಲಸಿಕೆಗೆ ಹೋದಾಗ ಚುಚ್ಚುಮದ್ದು ಹಾಕುವಾಗಲೂ ಎದೆಗೆ ಹಾಕಿಕೊಂಡಿರಿ, ನೋವು ಕಡಿಮೆಯಾಗಿ ಬೇಗ ಸಮಾಧಾನವಾಗುವುದನ್ನು ನಿಮ್ಮ ಪತಿಯವರೂ ನೋಡಲಿ.

ಕಡೆಯದಾಗಿ ಕೆಲಸ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇದೆ. ನೀವು 4 ವಾರ ಮೊದಲೇ ಬಳಸಿರುವುದರಿಂದ ಮಗಳಿಗೆ 5 ತಿಂಗಳಾದಾಗ ಕೆಲಸಕ್ಕೆ ಹೋಗಬೇಕಾಗುತ್ತದೆ; ಮೇಲಾಹಾರ ಶುರುವಾಗುವ 6 ತಿಂಗಳಿಗೆ ಆಗ ಒಂದು ತಿಂಗಳಷ್ಟೇ ಬಾಕಿ. ಆ ತಿಂಗಳಿಗೆ ಒಂದಿಷ್ಟು ಗಳಿಕೆ ರಜೆ ಜೋಡಿಸಲು ಈಗಲೇ ಕೇಳಿನೋಡಿ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ಅಲ್ಲಿಗೆ ದಿನಕ್ಕೆ 4 ಸಲ ಹೋಗಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಕೆಯ ವಿರಾಮಗಳಿಗೂ ನಿಮಗೆ ಹಕ್ಕಿದೆ. ಇದನ್ನು ಉಪಕಾರವೆಂಬಂತೆ ಕೇಳಬೇಕಿಲ್ಲ, ಲಿಖಿತವಾಗಿ ಕೇಳಿ. ಕೆಲಸಕ್ಕೆ ಹೋಗುವ ಎರಡು ವಾರ ಮೊದಲು ಹಾಲು ಹಿಂಡುವ ಅಭ್ಯಾಸ ಮಾಡಿ: ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಒಂದಕ್ಕೊಂದು ಅಮುಕಬೇಕು, ಚರ್ಮದ ಮೇಲೆ ಜಾರಿಸಬಾರದು. ಕಚೇರಿಯಲ್ಲಿ ಮೂರು ಗಂಟೆಗೊಮ್ಮೆ ಹಿಂಡದಿದ್ದರೆ ಎದೆ ಕಟ್ಟಿ ಹಾಲು ಇಳಿಮುಖವಾಗುತ್ತದೆ. ಮುಚ್ಚಳವಿರುವ, ಕುದಿಸಿ ಶುಚಿ ಮಾಡಿದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಹಾಕಿ, ಪ್ರತಿ ಸಲದ ಹಾಲಿಗೂ ಸಮಯ ಬರೆದಿಡಿ. ತಂಪಾದ ಕೋಣೆಯಲ್ಲಿ 4 ಗಂಟೆ ಇಡಬಹುದು; ಫ್ರಿಜ್‌ನ ಬಾಗಿಲಿನಲ್ಲಿಡದೆ ಒಳಗಡೆ ಇಟ್ಟರೆ ಹೆಚ್ಚು ದಿನವೂ ಕೆಡದು, ಆದರೆ ನಮ್ಮಲ್ಲಿ ಕರೆಂಟು ಹೋಗಿಬರುವುದರಿಂದ 24 ಗಂಟೆಯೊಳಗೆ ಬಳಸಿಬಿಡಿ. ಕೆನೆ ಮೇಲೆ ನಿಲ್ಲುವುದು ಸಹಜ, ಪಾತ್ರೆಯನ್ನು ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ. ಹಗಲು ಮಗುವನ್ನು ನೋಡಿಕೊಳ್ಳುವವರು ನಿಮ್ಮ ತಾಯಿಯಾದರೂ ಅತ್ತೆಯಾದರೂ, ಒಳಲೆಯಲ್ಲಿ ಕುಡಿಸುವುದನ್ನು ಆ ಎರಡು ವಾರಗಳಲ್ಲಿ ಅವರೇ ದಿನಕ್ಕೊಮ್ಮೆ ಮಾಡಲಿ, ಆ ಹೊತ್ತಿನಲ್ಲಿ ನೀವು ಬೇರೆ ಕೋಣೆಯಲ್ಲಿರಿ. ನಿಮ್ಮ ವಾಸನೆ ಬಂದರೆ ಮಗು ಒಳಲೆಗೆ ಬಾಯಿ ತೆರೆಯುವುದಿಲ್ಲ. ಬೆಳಗ್ಗೆ ಹೊರಡುವ ಮುನ್ನ, ಸಂಜೆ ಬಂದ ಕೂಡಲೇ, ಮತ್ತು ರಾತ್ರಿಯೆಲ್ಲ ಎದೆಯಿಂದಲೇ ಕೊಡಿ. ಹೀಗೆ ನಡೆಸಿಕೊಂಡು ಹೋದರೆ ಎರಡು ವರ್ಷದವರೆಗೂ ಹಾಲೂಡಿಸಬಹುದು.